ಅಂದಾಜು ಮೊದಲು, ದುಡ್ಡು ಆಮೇಲೆ: ಹಣದ ತಿಳಿವಳಿಕೆ ಬೆಳೆಸಿಕೊಳ್ಳೋದು ಹೇಗೆ

ಕಲಬುರಗಿಯ ಕೃಷಿ ಮಾರುಕಟ್ಟೆ ಗಂಜ್‌ನಲ್ಲಿ ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವರನ್ನು ಕೇಳಿ ನೋಡಿ, ತಿಂಗಳ ಕಂತು ಎಷ್ಟು ಅಂತ ಒಂದು ರೂಪಾಯಿ ತಪ್ಪದೆ ಹೇಳುತ್ತಾರೆ. ಅದೇ ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತೆ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಇನ್ನೊಂದು ಕಡೆ, ಬ್ಯಾಂಕಿನವರು ಸಮುದಾಯ ಭವನದಲ್ಲಿ ಮಾಡಿದ ತರಬೇತಿಗೆ ಹೋಗಿ ಫೈಲು, ಪೆನ್ನು, ಚಹಾ, ಬಿಸ್ಕತ್ತು ಎಲ್ಲ ಮುಗಿಸಿಕೊಂಡು ಬಂದವರಿದ್ದಾರೆ. ಎರಡು ತಿಂಗಳು ಬಿಟ್ಟು ಅಲ್ಲಿ ಏನು ಹೇಳಿದರು ಅಂತ ಕೇಳಿದರೆ "ಉಳಿತಾಯ ಮಾಡ್ರಿ ಅಂದ್ರು" ಅನ್ನೋದಷ್ಟೇ ನೆನಪಿರುತ್ತೆ.

ಮೊದಲನೆಯವರಿಗೆ ಅನುಭವ ಉಂಟು, ಲೆಕ್ಕ ಇಲ್ಲ. ಎರಡನೆಯವರಿಗೆ ಪಾಠ ಆಗಿದೆ, ಕೈಗೆ ಹತ್ತಿಲ್ಲ. ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರದ 2019ರ ಸಮೀಕ್ಷೆಯಲ್ಲಿ ಹಣಕಾಸು ತಿಳಿವಳಿಕೆಯ ಕನಿಷ್ಠ ಮಟ್ಟ ಮುಟ್ಟಿದವರು ನೂರಕ್ಕೆ 27 ಮಂದಿ ಮಾತ್ರ. ಉಳಿದವರು ದುಡ್ಡು ಮುಟ್ಟದವರೇನಲ್ಲ. ದಿನಾ ಮುಟ್ಟುತ್ತಾರೆ, ಕೊಡುತ್ತಾರೆ, ತಗೊಳ್ಳುತ್ತಾರೆ. ಬರೀ ವರ್ಷ ಕಳೆದರೆ ತಿಳಿವಳಿಕೆ ತಾನಾಗೇ ಬರೋದಿಲ್ಲ.

ಹಾಗಾದರೆ ಮಾಡೋದೇನು? ನಾನು ಹೇಳೋ ದಾರಿ ಸರಳ. ಯಾವುದೇ ವ್ಯವಹಾರಕ್ಕೆ ಕೈ ಹಾಕೋ ಮೊದಲು ನಿಮ್ಮ ಅಂದಾಜು ಬರೆಯಿರಿ. ಮುಗಿದ ಮೇಲೆ ನಿಜವಾದ ಅಂಕಿ ಪಕ್ಕದಲ್ಲಿ ಬರೆಯಿರಿ. ಎರಡೂ ತಾಳೆ ಆಗದಿದ್ದರೆ ಯಾಕೆ ಅಂತ ಹುಡುಕಿ, ಇಲ್ಲ ಯಾರನ್ನಾದರೂ ಕೇಳಿ. ಬರೆಯದೇ ಬಿಟ್ಟರೆ ಏನಾಗುತ್ತೆ ಗೊತ್ತಲ್ವಾ, ಎಲ್ಲ ಮುಗಿದ ಮೇಲೆ "ನಂಗ ಮೊದ್ಲೇ ಗೊತ್ತಿತ್ತು" ಅನ್ನುತ್ತೇವೆ, ಅಲ್ಲಿಗೆ ಕಲಿಯೋದು ನಿಂತಿತು.

ಈಗ ಒಂದೊಂದಾಗಿ ನೋಡೋಣ.

1. ಒಂದು ನೋಟ್‌ಬುಕ್, ಮೂರು ಕಾಲಮ್

ಮೊಬೈಲ್ ಆ್ಯಪ್ ಬೇಡ, ಶುರುವಿಗೆ ನೂರು ಪುಟದ ನೋಟ್‌ಬುಕ್ ಸಾಕು. ಮೊದಲ ಕಾಲಮ್‌ನಲ್ಲಿ ಅಂದಾಜು, ಎರಡನೇದರಲ್ಲಿ ನಿಜ, ಮೂರನೇದರಲ್ಲಿ ವ್ಯತ್ಯಾಸ. ತಿಂಗಳ ಒಂದನೇ ತಾರೀಕು ಕೂತು ಜೋಳ, ಗ್ಯಾಸು, ಕರೆಂಟು, ಟಂಟಂ ಖರ್ಚು, ಮಕ್ಕಳ ಫೀಸು, ಮೊಬೈಲ್ ರೀಚಾರ್ಜು, ಮದುವೆ ಮುಯ್ಯಿ ಎಲ್ಲಕ್ಕೂ ಒಂದೊಂದು ಅಂಕಿ ಹಾಕಿ. ತಿಂಗಳ ಕೊನೆಗೆ ನೋಡಿದರೆ ಹೆಚ್ಚಿನ ಮನೆಗಳಲ್ಲಿ ದೊಡ್ಡ ಖರ್ಚಿನ ಅಂದಾಜು ಸರಿಯಾಗೇ ಇರುತ್ತೆ. ತಪ್ಪೋದು ಚಿಕ್ಕದರಲ್ಲಿ. ಚಹಾ, ಮಿರ್ಚಿ, ಗುಟ್ಕಾ, ರೀಚಾರ್ಜು. ಇವುಗಳ ಮುಂದೆ ಯಾರೂ ಸರಿಯಾದ ಅಂಕಿ ಬರೆದಿದ್ದನ್ನು ನಾನಂತೂ ನೋಡಿಲ್ಲ.

ತಿಂಗಳ ಸಂಬಳ ಇಲ್ಲದವರಿಗೆ ಇನ್ನೊಂದು ಲೆಕ್ಕ ಬೇಕು. ನಮ್ಮ ಕಡೆ ಬಹಳ ಮನೆಗಳಿಗೆ ದೊಡ್ಡ ದುಡ್ಡು ಬರೋದು ವರ್ಷಕ್ಕೆ ಒಂದೇ ಸಲ, ತೊಗರಿ ರಾಶಿ ಆದ ಮೇಲೆ. ಇಪ್ಪತ್ತು ಕ್ವಿಂಟಲ್ ತೊಗರಿ ಏಳು ಸಾವಿರದಂತೆ ಮಾರಿದರೆ 1,40,000 ಬಂತು ಅಂದುಕೊಳ್ಳಿ. ಬೀಜ, ಗೊಬ್ಬರ, ಔಷಧಿ, ಕೂಲಿ, ರಾಶಿ ಮಷಿನ್ ಎಲ್ಲ ಸೇರಿ 60,000 ಹೋದರೆ ಉಳಿದದ್ದು 80,000. ಇದನ್ನು 12ರಿಂದ ಭಾಗಿಸಿ. ತಿಂಗಳಿಗೆ 6,666 ರೂಪಾಯಿ ಚಿಲ್ಲರೆ. ಜನವರಿಯಲ್ಲಿ ಕೈತುಂಬ ಕಂಡ ದುಡ್ಡು ನಿಜಕ್ಕೂ ಎಷ್ಟು ಅಂತ ಈ ಒಂದು ಭಾಗಾಕಾರ ಹೇಳಿಬಿಡುತ್ತೆ. ಬೈಕ್ ಶೋರೂಮಿಗೆ ಹೋಗೋ ಮೊದಲು ಇದನ್ನು ಮಾಡಿ, ಬಂದ ಮೇಲೆ ಮಾಡಿದರೆ ಉಪಯೋಗ ಇಲ್ಲ.

2. ಎಲ್ಲ ಬಡ್ಡಿಯನ್ನೂ ಒಂದೇ ಅಳತೆಗೆ ತನ್ನಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜಾಸ್ತಿ ದುಡ್ಡು ಸೋರೋದು ಇಲ್ಲೇ.

ಬಡ್ಡಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸಾಹುಕಾರ "ನೂರಕ್ಕೆ ಮೂರು" ಅನ್ನುತ್ತಾನೆ, ಅದು ತಿಂಗಳದ್ದು. ಬ್ಯಾಂಕು ಹನ್ನೊಂದು ಪರ್ಸೆಂಟ್ ಅನ್ನುತ್ತೆ, ಅದು ವರ್ಷದ್ದು. ವಾರದ ಕಂತಿನವರು ಬಡ್ಡಿಯ ಮಾತೇ ಎತ್ತೋದಿಲ್ಲ, "ವಾರಕ್ಕೆ ಇಷ್ಟು ಕಟ್ಟಿದ್ರ ಆಯ್ತು ಅಕ್ಕಾರ" ಅನ್ನುತ್ತಾರೆ. ಮೂರನ್ನೂ ಹೋಲಿಸಬೇಕಂದರೆ ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತರಬೇಕು. ಸಾಹುಕಾರನದು ಸುಲಭ, ಮೂರು ಗುಣಿಸು ಹನ್ನೆರಡು, ವರ್ಷಕ್ಕೆ 36.

ವಾರದ ಕಂತಿನದು ನೋಡಿ. 50,000 ಸಾಲ, ವಾರಕ್ಕೆ 1,150ರಂತೆ 52 ಕಂತು. ಒಟ್ಟು ಕಟ್ಟೋದು 59,800. ಮೇಲಿನದ್ದು 9,800. ಐವತ್ತು ಸಾವಿರಕ್ಕೆ ಒಂಬತ್ತು ಸಾವಿರದ ಎಂಟುನೂರು ಅಂದರೆ ನೂರಕ್ಕೆ 19.6, ಸಾಹುಕಾರನಿಗಿಂತ ಎಷ್ಟೋ ವಾಸಿ ಅನ್ನಿಸುತ್ತೆ ಅಲ್ವಾ? ಆದರೆ ಐವತ್ತು ಸಾವಿರ ವರ್ಷಪೂರ್ತಿ ನಿಮ್ಮ ಕೈಲಿ ಇರಲೇ ಇಲ್ಲ. ಮೊದಲ ವಾರದಿಂದಲೇ ವಾಪಸ್ ಹೋಗೋಕೆ ಶುರುವಾಯಿತು. ಆರು ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಅಸಲು ತೀರಿರುತ್ತೆ. ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರದ ಮೇಲೆ ಹಾಕಿದ್ದಾರೆ. ಉಳಿದಿರೋ ಅಸಲಿಗೆ ಮಾತ್ರ ಬಡ್ಡಿ ಲೆಕ್ಕ ಹಾಕಿದರೆ ಈ ಸಾಲದ ನಿಜವಾದ ದರ ವರ್ಷಕ್ಕೆ ಸುಮಾರು 36. ಅಂದರೆ ಸಾಹುಕಾರನ ನೂರಕ್ಕೆ ಮೂರೇ, ಯೂನಿಫಾರ್ಮ್ ಹಾಕಿಕೊಂಡು ಬಂದಿದೆ.

ಕ್ಯಾಲ್ಕುಲೇಟರ್ ಇಲ್ಲದೆ ಅಂದಾಜು ಮಾಡೋ ಉಪಾಯ ಇದೆ. ಪೂರ್ತಿ ಅಸಲಿನ ಮೇಲೆ ಹಾಕೋ ಬಡ್ಡಿಗೆ ಫ್ಲಾಟ್ ರೇಟ್ ಅನ್ನುತ್ತಾರೆ, ಉಳಿದಿರೋ ಅಸಲಿಗೆ ಮಾತ್ರ ಹಾಕೋದಕ್ಕೆ ರೆಡ್ಯೂಸಿಂಗ್ ಅನ್ನುತ್ತಾರೆ. ಕಂತಿನಲ್ಲಿ ತೀರಿಸೋ ಸಾಲಕ್ಕೆ ಫ್ಲಾಟ್ ರೇಟ್ ಹೇಳಿದರೆ ಅದನ್ನು ಎರಡರಿಂದ ಗುಣಿಸಿ, ಸ್ವಲ್ಪ ಇಳಿಸಿ. 12 ಅಂದರೆ ನಿಜವಾಗಿ 21ಕ್ಕಿಂತ ಸ್ವಲ್ಪ ಮೇಲೆ. ಬೈಕ್ ಲೋನ್, ಫ್ರಿಜ್ ಲೋನ್ ಮಾತಾಡುವಾಗ "ಇದು ಫ್ಲಾಟೋ, ರೆಡ್ಯೂಸಿಂಗೋ?" ಅಂತ ಒಂದು ಮಾತು ಕೇಳಿ. ಎದುರಿಗಿದ್ದವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಇನ್ನು ಈ ಲೆಕ್ಕ ನೀವೇ ಹಾಕಬೇಕು ಅಂತೇನಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಮಾನ್ಯ ಜನರಿಗೆ ಕೊಡೋ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತೆ. ಬಡ್ಡಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಸೇರಿಸಿ ವರ್ಷಕ್ಕೆ ಎಷ್ಟಾಗುತ್ತೆ ಅನ್ನೋ ಅಂಕಿ ಅದು. ಸಹಿ ಹಾಕೋ ಮೊದಲು ನಿಮ್ಮ ಅಂದಾಜು ಬರೆಯಿರಿ, ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿ. ನಾಲ್ಕೈದು ಸಲ ಹೀಗೆ ಮಾಡಿದವರ ಅಂದಾಜು ತಾನಾಗೇ ಹತ್ತಿರ ಬರೋಕೆ ಶುರುವಾಗುತ್ತೆ.

ಮೈಕ್ರೋಫೈನಾನ್ಸ್ ಸಾಲ ಇರೋರಿಗೆ ಇನ್ನೂ ಕೆಲವು ಮಾತು. ವರ್ಷದ ಆದಾಯ 3 ಲಕ್ಷದ ಒಳಗಿರುವ ಮನೆಗೆ ಅಡಮಾನ ಇಲ್ಲದೆ ಕೊಡೋ ಸಾಲ ಇದು. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡಬಾರದು. ಮುಂಚೆ ತೀರಿಸಿದರೆ ದಂಡ ಹಾಕಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡಬಾರದು. ಕಿರುಕುಳ ಕೊಡೋರ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಅದರಲ್ಲಿ 10 ವರ್ಷದವರೆಗೆ ಜೈಲು ಇಟ್ಟಿತು. ಆದರೆ ಅರ್ಧ ಆದಾಯದ ನಿಯಮ ಎಷ್ಟು ಕಡೆ ಪಾಲನೆ ಆಗುತ್ತೆ ಅನ್ನೋದು ಊರೂರಿಗೆ ಗೊತ್ತು. ಒಂದು ಸಾಲದ ಕಂತು ಕಟ್ಟೋಕೆ ಇನ್ನೊಂದು ಸಾಲ ಎತ್ತೋ ಯೋಚನೆ ಬಂದ ದಿನ ನೋಟ್‌ಬುಕ್ ತೆಗೆದು ಎಲ್ಲ ಕಂತುಗಳನ್ನೂ ಒಂದರ ಕೆಳಗೆ ಒಂದು ಬರೆದು ಕೂಡಿಸಿ. ಬಹಳ ಮನೆಗಳಲ್ಲಿ ಗಂಡನಿಗೆ ಹೆಂಡತಿಯ ಸಂಘದ ಕಂತು ಗೊತ್ತಿರಲ್ಲ, ಹೆಂಡತಿಗೆ ಗಂಡನ ಕೈಗಡ ಗೊತ್ತಿರಲ್ಲ. ಇಬ್ಬರೂ ಕೂತು ಕೂಡಿಸಿದಾಗ ಬರೋ ಮೊತ್ತ ಇಬ್ಬರಿಗೂ ಹೊಸದಾಗಿರುತ್ತೆ.

3. ಗಂಜ್‌ನ ಪಟ್ಟಿಯನ್ನು ಮನೆಗೆ ತನ್ನಿ

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಹೆಸರು ದೊಡ್ಡದಾಯಿತು. ಮಾಲು ಮಾರಿದ ರೈತನ ಕೈಗೆ ಬರೋ ಲೆಕ್ಕದ ಪಟ್ಟಿ ಮಾತ್ರ ಅದೇ ತೆಳ್ಳನೆ ಹಾಳೆ. ಎಷ್ಟೋ ಜನ ಅದನ್ನು ಮಡಿಚಿ ಜೇಬಿಗಿಟ್ಟುಕೊಳ್ಳುತ್ತಾರೆ, ಅಂಗಿ ಒಗೆಯುವಾಗ ಅದೂ ಒಗೆದು ಹೋಗುತ್ತೆ.

ಮಾಲು ತುಂಬೋ ದಿನವೇ ಬರೆಯಿರಿ: ಎಷ್ಟು ಚೀಲ, ತೂಕ ಎಷ್ಟಾಗಬಹುದು, ಧಾರಣೆ ಎಷ್ಟು ಸಿಗಬಹುದು, ಕೈಗೆ ಎಷ್ಟು ಬರಬಹುದು. ಸಂಜೆ ಪಟ್ಟಿ ಬಂದ ಮೇಲೆ ಪ್ರತಿ ಸಾಲನ್ನೂ ತಾಳೆ ನೋಡಿ. ತೂಕದಲ್ಲಿ ಎಷ್ಟು ಕಳೆದರು, ಸ್ಯಾಂಪಲ್ ಅಂತ ತೆಗೆದ ಕಾಳು ಎಲ್ಲಿಗೆ ಹೋಯಿತು, ಹಮಾಲಿ ಎಷ್ಟು ಮುರಿದರು. ಅಡತ್ (ದಲಾಲಿ) ಕಮಿಷನ್ ಅಂತ ನಿಮ್ಮ ಪಟ್ಟಿಯಲ್ಲಿ ಮುರಿದಿದ್ದರೆ ಅಲ್ಲೇ ನಿಲ್ಲಿ. ನಮ್ಮ ರಾಜ್ಯದ ಎಪಿಎಂಸಿ ನಿಯಮದಲ್ಲಿ ಅದನ್ನು ಕೊಡಬೇಕಾದವನು ಖರೀದಿದಾರ, ರೈತನಲ್ಲ. ಮನೆಯಲ್ಲಿ ಹೈಸ್ಕೂಲ್ ಓದೋ ಮಗಳೋ ಮಗನೋ ಇದ್ದರೆ ಆ ಪಟ್ಟಿ ಅವರ ಕೈಗೆ ಕೊಟ್ಟು ಲೆಕ್ಕ ಸರಿ ಇದೆಯಾ ನೋಡು ಅನ್ನಿ. ಶಾಲೆಯ ಗಣಿತ ಹೀಗೂ ಕೆಲಸಕ್ಕೆ ಬರುತ್ತೆ ಅಂತ ಅವರಿಗೂ ಗೊತ್ತಾಗಲಿ.

ಬಿತ್ತನೆ ಟೈಮಿನಲ್ಲಿ ಅಡತ್ ಅಂಗಡಿಯಿಂದ ಮುಂಗಡ ತಗೊಂಡವರು ಇನ್ನೊಂದು ಲೆಕ್ಕ ಸೇರಿಸಬೇಕು. "ಬಡ್ಡಿ ಬ್ಯಾಡ ತಗೋ ಕಾಕಾ, ಮಾಲು ಮಾತ್ರ ನಮ್ಮಲ್ಲೇ ತಾ" ಅಂದರೆ ಬಡ್ಡಿ ಇಲ್ಲ ಅಂತಲ್ಲ, ಧಾರಣೆಯಲ್ಲಿ ಕೂತಿರಬಹುದು. ಅವತ್ತು ಬೇರೆ ಅಂಗಡಿಯಲ್ಲಿ ನಡೆದ ಧಾರಣೆ ಎಷ್ಟು, ನಿಮಗೆ ಸಿಕ್ಕಿದ್ದೆಷ್ಟು? ಕ್ವಿಂಟಲ್‌ಗೆ 300 ಕಡಿಮೆ ಸಿಕ್ಕಿದರೆ ಇಪ್ಪತ್ತು ಕ್ವಿಂಟಲ್‌ಗೆ 6,000. ಮೂವತ್ತು ಸಾವಿರ ಮುಂಗಡವನ್ನು ಆರು ತಿಂಗಳು ಇಟ್ಟುಕೊಂಡಿದ್ದರೆ ಅದು ವರ್ಷಕ್ಕೆ ನೂರಕ್ಕೆ 40 ಆಯಿತು.

ಬೆಂಬಲ ಬೆಲೆಯನ್ನೂ ಪಕ್ಕದಲ್ಲಿ ಬರೆದಿಡಿ. ತೊಗರಿಗೆ 2024-25ಕ್ಕೆ ಕ್ವಿಂಟಲ್‌ಗೆ 7,550 ಇತ್ತು, 2025-26ಕ್ಕೆ 8,000 ಮಾಡಿದರು. ಮಾರುಕಟ್ಟೆ ಇದಕ್ಕಿಂತ ಕೆಳಗಿದ್ದು ಖರೀದಿ ಕೇಂದ್ರ ತೆರೆದಿದ್ದರೆ ಹೆಸರು ನೋಂದಾಯಿಸಿ. ರೈತರ ವಿವರ ಇಡೋ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ನಂಬರ್ ಮೊದಲೇ ಮಾಡಿಸಿಟ್ಟುಕೊಂಡರೆ ಆ ಹೊತ್ತಿಗೆ ಓಡಾಟ ತಪ್ಪುತ್ತೆ. ಬೆಳೆ ವಿಮೆಯದೂ ಇದೇ ಮಾತು. ಮುಂಗಾರು ತೊಗರಿಗೆ ರೈತ ಕಟ್ಟೋದು ವಿಮಾ ಮೊತ್ತದ ನೂರಕ್ಕೆ 2. ಆಲಿಕಲ್ಲೋ ನೀರು ನಿಂತೋ ನಿಮ್ಮೊಬ್ಬರ ಹೊಲಕ್ಕೆ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಪ್ರೀಮಿಯಂ ಕಟ್ಟಿದ್ದು ನೆನಪಿದ್ದು, 72 ಗಂಟೆ ಮರೆತು ಹೋದರೆ ಪ್ರೀಮಿಯಂ ಕಟ್ಟಿಯೂ ಕಟ್ಟದಂತೆ.

4. ಕಲಿಯೋ ದುಡ್ಡು ಚಿಕ್ಕದಿರಲಿ

ಈಜು ಕಲಿಯೋರು ಮೊದಲ ದಿನವೇ ಭೀಮಾ ನದಿಗೆ ಇಳಿಯೋದಿಲ್ಲ. ಹೊಸದು ಏನೇ ಇದ್ದರೂ ಹೋದರೆ ಹೋಯಿತು ಅನ್ನೋವಷ್ಟು ದುಡ್ಡಿನಲ್ಲಿ ಶುರು ಮಾಡಿ. ಫೋನ್‌ಪೇ ಹೊಸದಾ, ಮನೆಯವರಿಗೇ ಒಂದು ರೂಪಾಯಿ ಕಳಿಸಿ ನೋಡಿ. ಪಿನ್ ಯಾವಾಗ ಕೇಳಿತು, ದುಡ್ಡು ಪಡೆದವರಿಗೆ ಪಿನ್ ಕೇಳಿತಾ ಅಂತ ಗಮನಿಸಿ. ದುಡ್ಡು ತಗೊಳ್ಳೋಕೆ ಪಿನ್ ಬೇಕಾಗೋದೇ ಇಲ್ಲ ಅಂತ ಕಣ್ಣಾರೆ ನೋಡಿದವರನ್ನು "ನಿಮ್ಮ ಖಾತೆಗೆ ದುಡ್ಡು ಹಾಕ್ತೀವಿ, ಪಿನ್ ಒತ್ತಿ" ಅಂತ ಫೋನ್ ಮಾಡೋ ಕಳ್ಳ ಮೋಸ ಮಾಡೋದು ಕಷ್ಟ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಓಡಿ.

ಉಳಿತಾಯಕ್ಕೆ ಪಿಗ್ಮಿ (ದಿನಾ ಸ್ವಲ್ಪ ಸ್ವಲ್ಪ ಕಟ್ಟೋದು) ಒಳ್ಳೇ ಶುರು. 1928ರಲ್ಲಿ ಉಡುಪಿಯ ಕಡೆಯಿಂದ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪದ್ಧತಿ, ಇವತ್ತಿಗೂ ಕಲಬುರಗಿ ಪೇಟೆಯ ಸೂಪರ್ ಮಾರ್ಕೆಟ್‌ನ ತರಕಾರಿ ಗಾಡಿಯವರಿಗೆ ಸರಿಹೊಂದುತ್ತೆ. ಆದರೆ ದುಡ್ಡು ಎಲ್ಲಿ ಇಡುತ್ತಿದ್ದೀರಿ ನೋಡಿ. ಬ್ಯಾಂಕು, ಸಹಕಾರಿ ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷ ಇತ್ತು. ಪತ್ತಿನ ಸಹಕಾರ ಸಂಘ, ಸೌಹಾರ್ದ ಸೊಸೈಟಿಗಳಿಗೆ ಈ ವಿಮೆ ಇಲ್ಲ. ಬೋರ್ಡು ನೋಡೋಕೆ ಒಂದೇ ಥರ ಇರುತ್ತೆ. ಅಲ್ಲಿ ಬಡ್ಡಿ ಒಂದೆರಡು ರೂಪಾಯಿ ಜಾಸ್ತಿ ಕೊಡೋದಕ್ಕೆ ಕಾರಣ ಏನು ಅಂತ ನೀವೇ ಯೋಚಿಸಿ.

ಚೀಟಿ, ಬಿಸಿ (ಇದೂ ಒಂಥರ ಚೀಟಿಯೇ) ಹಾಕೋರಿಗೆ ಹೆಚ್ಚು ಹೇಳೋದಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ಕೇಳಿ, ಇಲ್ಲದಿದ್ದರೆ ಅದು ಬರೀ ನಂಬಿಕೆ ಮೇಲಿನ ಆಟ.

5. ಮನೆಯಲ್ಲಿ ಮೂರು ಪ್ರಶ್ನೆ

ಹಣಕಾಸು ತಿಳಿವಳಿಕೆ ಅಳೆಯೋಕೆ ಜಗತ್ತಿನಾದ್ಯಂತ ಬಳಸೋ ಮೂರು ಪ್ರಶ್ನೆಗಳಿವೆ. ಅನ್ನಮಾರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಅನ್ನೋ ಅರ್ಥಶಾಸ್ತ್ರಜ್ಞೆಯರು ಮಾಡಿದ್ದು. ಒಂದು ಚಕ್ರಬಡ್ಡಿಯ ಮೇಲೆ, ಒಂದು ಬೆಲೆ ಏರಿಕೆಯ ಮೇಲೆ, ಇನ್ನೊಂದು ಎಲ್ಲ ದುಡ್ಡನ್ನೂ ಒಂದೇ ಕಡೆ ಹಾಕೋದರ ಮೇಲೆ. ನಮ್ಮ ಊರಿಗೆ ಹೊಂದಿಸಿಕೊಂಡು ಊಟದ ಹೊತ್ತಿನಲ್ಲಿ ಕೇಳಿ.

ವರ್ಷಕ್ಕೆ ನೂರಕ್ಕೆ 7 ಬಡ್ಡಿ ಸಿಕ್ಕರೆ ದುಡ್ಡು ಎಷ್ಟು ವರ್ಷಕ್ಕೆ ಡಬಲ್ ಆಗುತ್ತೆ? 72ನ್ನು ಬಡ್ಡಿ ದರದಿಂದ ಭಾಗಿಸಿ, ಹತ್ತು ವರ್ಷ ದಾಟುತ್ತೆ. ಈ ಲೆಕ್ಕ ಬಾಯಿಗೆ ಬಂದರೆ ವರ್ಷದಲ್ಲಿ ಡಬಲ್ ಮಾಡಿ ಕೊಡ್ತೀನಿ ಅನ್ನೋರ ಮುಂದೆ ಕೂರೋ ಅಗತ್ಯವೇ ಇಲ್ಲ. ಟ್ರಂಕ್‌ನಲ್ಲಿ ಐದು ವರ್ಷ ಇಟ್ಟ 10,000, ಬೆಲೆಗಳು ವರ್ಷಕ್ಕೆ ನೂರಕ್ಕೆ 6 ಏರಿದರೆ, ಇವತ್ತಿನ ಎಷ್ಟು ದುಡ್ಡಿನ ಸಾಮಾನು ತರುತ್ತೆ? ಸುಮಾರು 7,470. ನೋಟು ಅಷ್ಟೇ ಇದೆ, ಚೀಲ ಚಿಕ್ಕದಾಗಿದೆ. ಮೂರನೇದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇದ್ದ ಎಲ್ಲ ಎಕರೆಗೂ ತೊಗರಿ ಹಾಕಿ ನೆಟೆ ರೋಗ ಬಂದ ವರ್ಷ ಕಂಡವರಿಗೆ, ಹೆಸರು, ಉದ್ದು, ಜೋಳ ಸ್ವಲ್ಪ ಸ್ವಲ್ಪ ಹಾಕೋದು ಯಾಕೆ ಅಂತ ಗೊತ್ತು. ಷೇರು, ಮ್ಯೂಚುವಲ್ ಫಂಡ್ ಮಾತು ಬಂದಾಗಲೂ ಅದೇ ಬುದ್ಧಿ ಓಡಿಸಿ.

6. ಸಂಘದ ಪುಸ್ತಕ ಯಾರು ಬರೆಯುತ್ತಾರೆ?

ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸೋ ಕೆಲಸ ನಬಾರ್ಡ್ (ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಶುರು ಮಾಡಿದ್ದು 1992ರಲ್ಲಿ. ಬೀದರ್‌ನ ಜಿಲ್ಲಾ ಸಹಕಾರಿ ಬ್ಯಾಂಕು ಇದರಲ್ಲಿ ಒಳ್ಳೇ ಹೆಸರು ಮಾಡಿತ್ತು. ಭಾಲ್ಕಿ, ಔರಾದ್ ಕಡೆ ಹಳ್ಳಿಗಳಲ್ಲಿ ವಾರದ ಸಭೆ ಅಂದರೆ ಈಗಲೂ ಹೆಣ್ಣುಮಕ್ಕಳಿಗೆ ಬ್ಯಾಂಕೂ ಅದೇ, ಶಾಲೆಯೂ ಅದೇ. ಆದರೆ ಒಂದು ಗಮನಿಸಿದ್ದೀರಾ? ಹತ್ತಿಪ್ಪತ್ತು ಜನರ ಸಂಘದಲ್ಲಿ ಲೆಕ್ಕ ಬರೆಯೋದು ವರ್ಷಗಟ್ಟಲೆ ಒಬ್ಬಳೇ. ಉಳಿದವರು ಸಹಿ ಅಥವಾ ಹೆಬ್ಬೆಟ್ಟು. ವ್ಯವಹಾರ ಎಲ್ಲರದ್ದೂ, ಕಲಿತವಳು ಒಬ್ಬಳು. ಮೂರು ತಿಂಗಳಿಗೊಮ್ಮೆ ಪುಸ್ತಕ ಕೈ ಬದಲಾಗಲಿ. ಓದು ಬಾರದವರು ಪಕ್ಕದಲ್ಲಿ ಕೂತು ಬಾಯಲ್ಲಿ ಲೆಕ್ಕ ಹೇಳಲಿ, ಬಾಯಿಲೆಕ್ಕದಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿ ಬರೋ ಖಾತೆಯೂ ಹಾಗೇ. ಖಾತೆ ಅವ್ವನ ಹೆಸರಲ್ಲಿ, ಎಟಿಎಂ ಕಾರ್ಡ್ ಮಗನ ಜೇಬಲ್ಲಿ ಇದ್ದರೆ ಕಲಿಯೋದು ಮಗ. ಯಾದಗಿರಿ, ಶಹಾಪುರ ಕಡೆಯಿಂದ ಬೆಂಗಳೂರು, ಪುಣೆಗೆ ದುಡಿಯೋಕೆ ಹೋದವರ ಮನೆಗಳಲ್ಲಂತೂ ಊರಲ್ಲಿರೋರೇ ಬ್ಯಾಂಕಿಗೆ ಹೋಗಿ, ಸ್ಲಿಪ್ ತುಂಬಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರೋದು ರೂಢಿಯಾಗಬೇಕು. ಮೊದಲ ಸಲ ಜೊತೆಗೆ ಹೋಗಿ, ಎರಡನೇ ಸಲ ಹೊರಗೆ ನಿಲ್ಲಿ.

7. ಮರೆತು ಹೋಗೋ ಮೊದಲು ಮತ್ತೆ ನೋಡಿ

ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ಸುಮಿತ್ ಅಗರ್‌ವಾಲ್ ಮತ್ತು ಜೊತೆಗಾರರು ಕ್ರೆಡಿಟ್ ಕಾರ್ಡ್ ಖಾತೆಗಳ ಲೆಕ್ಕ ನೋಡಿದಾಗ, ದಂಡ ಕಟ್ಟಿ ಕಟ್ಟಿ ಜನ ಮೊದಲ ನಾಲ್ಕು ವರ್ಷದಲ್ಲಿ ತಿಂಗಳ ದಂಡವನ್ನು ಮುಕ್ಕಾಲು ಪಾಲು ಇಳಿಸಿಕೊಂಡಿದ್ದು ಕಂಡಿತು. ಇದು ಅನುಭವ ಕಲಿಸೋದಕ್ಕೆ ಸಾಕ್ಷಿ. ಅದೇ ಲೆಕ್ಕದಲ್ಲಿ ಇನ್ನೊಂದೂ ಕಂಡಿತು: ಕಲಿತದ್ದು ತಿಂಗಳಿಗೆ ನೂರಕ್ಕೆ ಹತ್ತರಷ್ಟು ಸವೆಯುತ್ತಾ ಹೋಗುತ್ತೆ. ಇತ್ತೀಚೆಗೆ ದಂಡ ಕಟ್ಟಿದವರು ಹುಷಾರು, ಕಟ್ಟಿ ಬಹಳ ದಿನ ಆದವರು ಮತ್ತೆ ಸಡಿಲ.

ಅದಕ್ಕೆ ಪಾಠವನ್ನು ಕೆಲಸದ ಹತ್ತಿರಕ್ಕೆ ತರಬೇಕು. ವಿಮೆ ಬಗ್ಗೆ ಓದೋದು ಜೂನ್‌ನಲ್ಲಿ, ಬಿತ್ತನೆ ಹೊತ್ತಿಗೆ. ಧಾರಣೆ, ಗೋದಾಮು ಸಾಲದ (ಮಾಲು ಗೋದಾಮಿನಲ್ಲಿಟ್ಟು ಎತ್ತೋ ಸಾಲ) ಬಗ್ಗೆ ಕೇಳೋದು ಡಿಸೆಂಬರ್‌ನಲ್ಲಿ, ರಾಶಿಗೆ ಮೊದಲು. ಸಾಲದ ಪಾಠ, ಸಾಲಕ್ಕೆ ಅರ್ಜಿ ಹಾಕೋ ಹಿಂದಿನ ವಾರ. ಯಾವಾಗಲೋ ಕಲಿತು ಎಂದೋ ಬಳಸೋದಕ್ಕಿಂತ ಇದು ವಾಸಿ.

ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಎರಡು ಅಂಕಿ ಹುಡುಕಿ: 436 ಮತ್ತು 20. ಇವು ಕೇಂದ್ರ ಸರ್ಕಾರದ ಎರಡು ವಿಮೆಗಳ ವರ್ಷದ ಪ್ರೀಮಿಯಂ. ಮೊದಲನೆಯದು ಜೀವನ ಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ಅಪಘಾತ ವಿಮೆ. ಎರಡೂ ತಲಾ 2 ಲಕ್ಷದ್ದು, ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಕಟ್ ಆಗೋದಿಲ್ಲ, ವಿಮೆ ನಿಂತುಹೋಗುತ್ತೆ. ಕಟ್ ಆಗಿದ್ದರೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ನಾಳೆ ಕ್ಲೇಮ್ ಮಾಡೋರು ಯಾರು? ನಾಮಿನಿ ಯಾರು ಅಂತ ಬ್ಯಾಂಕಿನಲ್ಲಿ ಕೇಳಿ, ಆ ನಾಮಿನಿಗೂ ಹೇಳಿಡಿ.

ಗೊತ್ತಿಲ್ಲದ ಕಡಿತ ಕಂಡರೆ ಕೌಂಟರ್‌ನಲ್ಲಿ ಬಾಯಿಮಾತಿಗೆ ಬಿಡಬೇಡಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಿ, ಜೆರಾಕ್ಸ್ ಪ್ರತಿ ಮೇಲೆ ಬ್ಯಾಂಕಿನ ಸೀಲು, ತಾರೀಕು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸೋ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಹೇಗೆ ಕೊಡೋದು ಅಂತ 14448ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಫೋನ್ ಮಾಡೋ ಮೊದಲು ಆ ಸೀಲು ಹಾಕಿದ ಪ್ರತಿ ಕೈಲಿ ಹಿಡಿದುಕೊಳ್ಳಿ, ಬ್ಯಾಂಕಿಗೆ ಯಾವ ತಾರೀಕು ದೂರು ಕೊಟ್ಟಿರಿ ಅಂತ ಮೊದಲೇ ಕೇಳಬಹುದು.